ಬೀಳುವುದನ್ನು ಕಲಿಸುವ ವಿದ್ಯೆ

ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಕೋಣೆಯ ಬಾಗಿಲು ಮುಚ್ಚಿ ಕುಳಿತ ಮಕ್ಕಳನ್ನು ಸಂತೈಸಲು ಹೆತ್ತವರು ನಮ್ಮನ್ನು ಕರೆಯುವುದುಂಟು. ವಿದ್ಯೆಗೆ ಹೆಸರಾದ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಈ ಪರಿಸರದಲ್ಲಿ ಮೇಲೇರುವುದನ್ನು ಕಲಿಸುವವರು ಬಹಳ. ಬಿದ್ದಾಗ ಏಳುವುದನ್ನು ಕಲಿಸುವವರು ವಿರಳ. ಆ ಪಾಠದಿಂದಲೇ ಆರಂಭವಾಗುವ ವಿದ್ಯೆಯೊಂದಿದೆ. ಅದೇ ಜೂಡೋ.

1882ರಲ್ಲಿ ಟೋಕಿಯೋದ ಬೌದ್ಧ ಮಂದಿರವೊಂದರಲ್ಲಿ ಜಿಗೋರೊ ಕಾನೊ ಎಂಬ ತರುಣ ಶಿಕ್ಷಕರು ಇದರ ಶಾಲೆಯನ್ನು ತೆರೆದರು. ಜೂಡೋ ಎಂದರೆ ಮೃದುತ್ವದ ಮಾರ್ಗ. ಇದರ ಸ್ಪರ್ಧೆಯಲ್ಲಿ ಗುದ್ದುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯ ಬಲವನ್ನೇ ಬಳಸಿ ಅವನ ಸಮತೋಲ ತಪ್ಪಿಸಿ ಕೆಡಹಬೇಕು. ಆದರೆ ಹೊಸಬರಿಗೆ ಮೊದಲು ಕಲಿಸುವುದು ಬೀಳುವ ಕ್ರಮವನ್ನು. ಗಲ್ಲವನ್ನು ಎದೆಗೊತ್ತಿ ತಲೆಯನ್ನು ಕಾಪಾಡಿಕೊಳ್ಳಬೇಕು, ತೋಳಿನಿಂದ ಚಾಪೆಯನ್ನು ಬಡಿದು ಆಘಾತವನ್ನು ಹಂಚಿಬಿಡಬೇಕು, ಕೂಡಲೇ ಏಳಬೇಕು. ಸೆಣಸಾಟದ ಮೊದಲೂ ಕೊನೆಗೂ ಎದುರಾಳಿಗೆ ತಲೆಬಾಗಬೇಕು. ಅವನಿಲ್ಲದೆ ಕಲಿಕೆಯೇ ಇಲ್ಲವಷ್ಟೆ! ಪರಸ್ಪರ ಶ್ರೇಯಸ್ಸೇ ಕಾನೊ ಅವರ ತತ್ತ್ವವಾಗಿತ್ತು.

ಸದ್ಗುಣವು ಅಭ್ಯಾಸದಿಂದ ಬರುತ್ತದೆಂದು ಅರಿಸ್ಟಾಟಲನು ಬೋಧಿಸಿದನು. ಧೈರ್ಯದ ಪ್ರಧಾನ ಲಕ್ಷಣ ಆಕ್ರಮಣವಲ್ಲ, ಸಹನೆ ಎಂದರು ಸಂತ ಥಾಮಸ್ ಅಕ್ವಿನಾಸರು. ನಾವು ಪ್ರವಚನದಲ್ಲಿ ಹೇಳುವ ಈ ಮಾತನ್ನು ಜೂಡೋ ಚಾಪೆಯ ಮೇಲೆ ದೇಹಕ್ಕೇ ಕಲಿಸುತ್ತದೆ.

ಪರದೇಶದ ವಿದ್ಯೆ ನಮಗೇಕೆ ಎಂದು ಕೇಳುವವರಿದ್ದಾರೆ. ಕೋಟಿ ಚೆನ್ನಯರ ಗರಡಿಗಳಿರುವ ತುಳುನಾಡಿಗೆ ಅಂಗಸಾಧನೆ ಹೊಸತಲ್ಲ. ಅಲ್ಲದೆ, ಜೂಡೋ ಇಂದು ಲೋಕದ ಸೊತ್ತು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ಸೇರಿದ ಈ ಕ್ರೀಡೆಯಲ್ಲಿ 1992ರಿಂದ ಮಹಿಳೆಯರೂ ಪದಕಕ್ಕಾಗಿ ಸೆಣಸುತ್ತಿದ್ದಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳ ಕಪಿಲ್ ಪರ್ಮಾರ್ ಕಂಚಿನ ಪದಕ ಗೆದ್ದು, ಆ ಕೂಟದ ಜೂಡೋದಲ್ಲಿ ಭಾರತಕ್ಕೆ ಮೊದಲ ಪದಕ ತಂದರು. ಕಣ್ಣಿಗೆ ಕಾಣದ ಎದುರಾಳಿಯನ್ನು ಅವರು ಹಿಡಿತದಿಂದಲೇ ಅರಿತರು.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಇಂತಹ ತರಬೇತಿಗೆ ಕಳುಹಿಸಿರಿ. ಆದರೆ ಗುರುವಿನ ಅರ್ಹತೆಯನ್ನೂ ನಡತೆಯನ್ನೂ ಮೊದಲು ವಿಚಾರಿಸಿರಿ. ನೆಲಕ್ಕೆ ದಪ್ಪ ಚಾಪೆ ಹಾಸಿದೆಯೇ ಎಂದು ಕಣ್ಣಾರೆ ನೋಡಿರಿ. ಪದಕದ ಹಂಬಲವನ್ನು ಅವರ ಮೇಲೆ ಹೇರದಿರಿ. ಅಂಕಪಟ್ಟಿಯ ಹೊರೆಯೇ ಅವರಿಗೆ ಸಾಕಷ್ಟಿದೆ.

ತಪಸ್ಸುಕಾಲದಲ್ಲಿ ನಾವು ಶಿಲುಬೆಯ ಹಾದಿ ನಡೆಸುತ್ತೇವೆ. ಅದರ ಹದಿನಾಲ್ಕು ಸ್ಥಳಗಳಲ್ಲಿ ಮೂರು, ಪ್ರಭುವು ನೆಲಕ್ಕೆ ಬಿದ್ದುದನ್ನೇ ಸ್ಮರಿಸುತ್ತವೆ. ಮೂರು ಬಾರಿಯೂ ಅವರು ಎದ್ದರು. ಬಿದ್ದುದಕ್ಕಾಗಿ ನಾಚಿ ಬಾಗಿಲು ಮುಚ್ಚಿದ ಮಗುವಿಗೆ ಈ ಮಾತನ್ನು ಹೇಳಲು ಫಲಿತಾಂಶದ ದಿನದವರೆಗೆ ಕಾಯುವುದು ಬೇಡ.