ಕುಂತಿಬೆಟ್ಟದ ಬಂಡೆಗಳಲ್ಲಿ ಒಂದು ಡಬ್ಬಿ

ಮಿರ್ಲೆ ಸೀಮೆಯ ಮಕ್ಕಳು ನೀರಿನ ಜೊತೆ ಬೆಳೆದವರು. ಅತ್ತ ಕಾವೇರಿ, ಇತ್ತ ನಾಲೆ, ನಡುವೆ ಕಣ್ಣು ಹಾಯುವಷ್ಟೂ ಭತ್ತದ ಗದ್ದೆ. ಬಂಡೆ ಎಂದರೆ ಅವರಿಗೆ ಬಟ್ಟೆ ಒಗೆಯುವ ಕಲ್ಲು, ಬಿಟ್ಟರೆ ಚುಂಚನಕಟ್ಟೆಯಲ್ಲಿ ಹೊಳೆ ಸೀಳಿಕೊಂಡು ಧುಮುಕುವ ಕಲ್ಲು. ಬೆಟ್ಟಕ್ಕೆ ಬೆಟ್ಟವೇ ಬಂಡೆಯಾಗಿ ನಿಂತದ್ದನ್ನು ಕಾಣಲು ಕೆ.ಆರ್. ನಗರ ದಾಟಿ, ಸಾಗರಕಟ್ಟೆಯಲ್ಲಿ ಕನ್ನಂಬಾಡಿಯ ಹಿನ್ನೀರು ನೋಡಿಕೊಂಡು, ಪಾಂಡವಪುರದ ಕುಂತಿಬೆಟ್ಟಕ್ಕೆ ಬರಬೇಕು.

ಡಿಸೆಂಬರ್ ರಜೆಯಲ್ಲಿ ಮನೆಮಂದಿಯೆಲ್ಲ ಬಂದೆವು, ಅವ್ವನೂ ಬಂದಳು. ಚೀಲದಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ಮೊಬೈಲಿನಲ್ಲಿ ಎರಡು ಅಂಕಿಗಳು: ಒಂದು 12 ಡಿಗ್ರಿ ಉತ್ತರ ಎಂದು ಶುರುವಾಗುವುದು, ಇನ್ನೊಂದು 76 ಡಿಗ್ರಿ ಪೂರ್ವ ಎಂದು. ನನ್ನ ತಮ್ಮ ನಸುಕಿಗೇ ಬಂದು ಬಂಡೆಗಳ ಸಂದಿಯಲ್ಲೆಲ್ಲೋ ಒಂದು ಸ್ಟೀಲ್ ಡಬ್ಬಿ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ಕಳಿಸಿದ್ದ. ಹುಡುಕುವುದು ಮಕ್ಕಳ ಕೆಲಸ.

ಜಿಯೋಕ್ಯಾಶಿಂಗ್ ಎಂಬ ಈ ಆಟಕ್ಕೆ ಹುಟ್ಟಿದ ದಿನ ಗೊತ್ತಿದೆ. ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿದ್ದ ಯಂತ್ರ ಒಂದೇ ರಾತ್ರಿಯಲ್ಲಿ ಚುರುಕಾಯಿತು. ಮರುದಿನ ಒರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ಟಿನಲ್ಲಿ ಪುಸ್ತಕ, ಪೆನ್ಸಿಲ್, ಸಣ್ಣಪುಟ್ಟ ಸಾಮಾನು ಇಟ್ಟು ಜಾಗದ ಅಂಕಿಗಳನ್ನು ಜಗತ್ತಿಗೆ ತಿಳಿಸಿದ. ಸಿಕ್ಕವರು ಹೆಸರು ಬರೆಯಬೇಕು, ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು. ಇವತ್ತಿಗೂ ನಿಯಮ ಅದೇ.

ಬುಡದ ಮಲ್ಲಿಕಾರ್ಜುನನಿಗೆ ಕೈಮುಗಿದು ಹತ್ತತೊಡಗಿದೆವು. ಮೊದಲು ಲಂಟಾನ ಪೊದೆ, ಸೀತಾಫಲದ ಗಿಡ, ಸೊಂಟದೆತ್ತರದ ಒಣಹುಲ್ಲು. ಆಮೇಲೆ ಬರೀ ಕಲ್ಲು. ಈ ಸೀಮೆಯ ನೆಲದ ಬುನಾದಿ ಸುಮಾರು 300 ಕೋಟಿ ವರ್ಷ ಹಳೆಯದು. ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗಿ, ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ, ಉಳಿದದ್ದು ಗುಂಡಾಗಿದೆ. ಕೆಲವು ಗುಂಡುಗಳ ಕೆಳಗೆ ಮನೆಮಂದಿಯೆಲ್ಲ ಕೂರಬಹುದಾದಷ್ಟು ನೆರಳು. ಭೀಮನ ಹೆಜ್ಜೆ ಎನ್ನುವ ಗುಳಿ, ಕುಂತಿ ಭತ್ತ ಕುಟ್ಟಿದ ಒನಕೆ ಎಂದು ಜನ ತೋರಿಸುವ ನೆಟ್ಟನೆಯ ಕಲ್ಲು, ಬಕಾಸುರನ ಕಥೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದಕ್ಕೆ ಇಂಗ್ಲಿಷರು ಆಗ ಹಿರೋಡೆ ಎನಿಸಿಕೊಂಡಿದ್ದ ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದರು. ಪಾಂಡವರ ಹೆಸರೇ ಕಡೆಗೆ ಗೆದ್ದಿತು ಎಂಬುದು ನನಗೆ ಸಂತೋಷದ ಸಂಗತಿ.

ಅರ್ಧ ಹತ್ತಿದಾಗ ಆಡು ಮೇಯಿಸುತ್ತಿದ್ದ ಅಜ್ಜ ತಡೆದು ನಿಲ್ಲಿಸಿದರು. "ಏನ್ ಸಾಮಿ, ನಿಧಿಗೇನಾದ್ರೂ ಬಂದಿದ್ದೀರಾ?" ಆ ಅನುಮಾನಕ್ಕೆ ಕಾರಣವಿದೆ. ನಿಧಿಯಾಸೆಗೆ ಗುಡಿಯ ಪೀಠ ಕಿತ್ತವರು, ಬಸವನ ವಿಗ್ರಹ ಒಡೆದವರು ಈ ನಾಡಿನಲ್ಲಿ ಬೇಕಾದಷ್ಟು ಮಂದಿ. "ಅಗೆಯಂಗಿಲ್ಲ ಕಣಜ್ಜ, ಹೂಳಂಗೂ ಇಲ್ಲ, ಕಣ್ಣಲ್ಲೇ ಹುಡುಕ್ಬೇಕು" ಎಂದ ಮಗ. ನಿಜಕ್ಕೂ ಆಟದ ಕಟ್ಟುನಿಟ್ಟಾದ ನಿಯಮವದು. ಅಜ್ಜ ತಮ್ಮ ಕೋಲನ್ನೇ ಅವನ ಕೈಗಿತ್ತರು. "ಸಂದಿಗೆ ಕೈ ಹಾಕ್ಬ್ಯಾಡ, ಚೇಳಿರ್ತವೆ. ಮೊದ್ಲು ಇದ್ರಲ್ಲಿ ತಟ್ಟು."

ಜಾಗ ಹತ್ತಿರವಾದಂತೆ ಮೊಬೈಲ್ ತಡವರಿಸತೊಡಗಿತು. 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಬರುವ ಸಂಕೇತ ಬಂಡೆಗೋಡೆಗೆ ಬಡಿದು ತಿರುಗಿ ಬಂದರೆ ಲೆಕ್ಕ ತಪ್ಪುತ್ತದೆ. ಬಾಣದ ಗುರುತು ಒಮ್ಮೆ ಪ್ರಪಾತದ ಕಡೆ, ಒಮ್ಮೆ ನಮ್ಮ ಬೆನ್ನ ಹಿಂದೆ. ಮಗಳು ಮೊಬೈಲನ್ನು ನನ್ನ ಜೇಬಿಗೆ ಹಾಕಿದಳು. ಆಟದ ಸೊಗಸು ನನ್ನ ಮಟ್ಟಿಗೆ ಶುರುವಾಗುವುದೇ ಇಲ್ಲಿಂದ. ಅಲ್ಲಿಯವರೆಗೆ ಪರದೆ ನೋಡುತ್ತಿದ್ದ ಮಕ್ಕಳು ಈಗ ಕಲ್ಲು ನೋಡತೊಡಗಿದರು: ಯಾವುದರ ಮೇಲೆ ಕಲ್ಲುಹೂ ಬೆಳೆದಿದೆ, ಯಾವುದರ ಕೆಳಗೆ ಇರುವೆ ಸಾಲು ಹೋಗಿದೆ, ಎಲ್ಲಿ ಹುಲ್ಲು ತುಳಿದಂತಿದೆ.

ಸುಧಾರಿಸಿಕೊಳ್ಳಲು ಕೂತಿದ್ದ ಅವ್ವ ಕೂತಲ್ಲಿಂದಲೇ ಹೇಳಿದಳು: "ಆ ಚಪ್ಪಡಿ ನೋಡ್ ಮಗ. ಮ್ಯಾಗಲ ಮಖಕ್ಕೆ ಹಸಿ ಮಣ್ಣಂಟೈತೆ. ಮಣ್ಣು ಕೆಳಗಿರ್ಬೇಕಲ್ವಾ?"

ಮಗ ಕೋಲಿನಲ್ಲಿ ತಟ್ಟಿದ, ಮಗಳು ಚಪ್ಪಡಿ ಸರಿಸಿದಳು. ಡಬ್ಬಿ! ಒಳಗೆ ನೋಟ್‌ಬುಕ್ಕು, ಪೆನ್ಸಿಲ್ಲು, ಒಂದು ಬುಗುರಿ, ಗಾಜಿನ ಗೋಲಿಗಳು. ತಿಂಡಿ ಮಾತ್ರ ಇಲ್ಲ. ಇಟ್ಟರೆ ಇರುವೆ, ಕೋತಿಗಳ ಪಾಲು. ಇಬ್ಬರೂ ಹೆಸರು ಬರೆದರು. ಅವ್ವನೂ ಬರೆದಳು, ಅಕ್ಷರ ಜೋಡಿಸಿ ಜೋಡಿಸಿ, ಊರಿನ ಹೆಸರು ಸಮೇತ. ಬುಗುರಿ ತೆಗೆದುಕೊಂಡ ಮಗ ತನ್ನ ಕೀ ಬಂಚಿನ ಆನೆಯನ್ನು ಅಲ್ಲಿಟ್ಟ. ಚಪ್ಪಡಿಯನ್ನು ಮಣ್ಣಿನ ಮುಖ ಕೆಳಗಾಗುವಂತೆ ಮಲಗಿಸಿದೆವು, ಅದರಡಿಯ ಹುಳಹುಪ್ಪಟೆಗೂ ಮನೆ ಬೇಕಲ್ಲ.

ಊಟ ತುದಿಯಲ್ಲಿ. ಕೆಳಗೆ ಕಬ್ಬು, ತೆಂಗು, ದೂರದಲ್ಲಿ ತೊಣ್ಣೂರು ಕೆರೆಯ ಹೊಳಪು, ಉತ್ತರಕ್ಕೆ ಮೇಲುಕೋಟೆಯ ಸಾಲು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಇಂಗ್ಲಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಾಸಿ ನೆಲ ಅಳೆದು, ಅಲ್ಲಿಂದ ಮೈಸೂರು ಸೀಮೆಯಲ್ಲಿ ತುದಿಯಿಂದ ತುದಿಗೆ ಕೋನ ಹಿಡಿಯುತ್ತ ಹೋದದ್ದನ್ನು ಮಕ್ಕಳಿಗೆ ಹೇಳಿದೆ. ಅಕ್ಷಾಂಶ ರೇಖಾಂಶ ಆಗ ಕಾಲ್ನಡಿಗೆಯಲ್ಲಿ ಸಿಗುತ್ತಿದ್ದವು.

ಡಬ್ಬಿಯನ್ನು ಇಳಿಯುವಾಗ ಜೊತೆಗೇ ತಂದೆವು. ಸದಾಕಾಲ ಇಡಬೇಕೆಂದರೆ ಜಾಗದವರ ಅಪ್ಪಣೆ ಬೇಕು. ದಾರಿಯಲ್ಲಿ ಸಿಕ್ಕ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣಗಳೂ ಚೀಲ ತುಂಬಿದವು; ಹೋದ ಜಾಗದ ಕಸ ಹೊತ್ತು ತರುವುದು ಜಿಯೋಕ್ಯಾಶಿಂಗ್ ಮಾಡುವವರ ರೂಢಿ. ಕೋಲನ್ನು ಅಜ್ಜನಿಗೆ ಮರಳಿಸಿದಾಗ, "ಸಿಕ್ತಾ?" ಎಂದರು. ಮಗ ಬುಗುರಿ ತೋರಿಸಿದ.

ಮುಂದಿನ ಸಲ ಅಡಗಿಸುವ ಸರದಿ ತನ್ನದು ಎಂದು ಮಗಳು ಕಾರಿನಲ್ಲೇ ಹಠ ಹಿಡಿದಳು. ಜಾಗವನ್ನೂ ಆರಿಸಿಬಿಟ್ಟಿದ್ದಳು: ಚುಂಚನಕಟ್ಟೆಯ ಬಂಡೆಗಳು. "ಜನವರೀಲಿ ದನಗಳ ಜಾತ್ರೆ, ಅಷ್ಟು ಜನದ ಎದುರಿಗೆ ಹೆಂಗೆ ಬಚ್ಚಿಡ್ತೀಯವ್ವ?" ಎಂದ ತಮ್ಮ. "ಜಾತ್ರೆ ಮುಗಿದ್ಮೇಲೆ ಚಿಕ್ಕಪ್ಪ. ನೀನು ಮಾತ್ರ ಮೊಬೈಲ್ ತರಂಗಿಲ್ಲ."