ಲಿಂಗರಾಜರ ಕಾಲೇಜು, ಕ್ಯಾಂಪಿನ ಚೆಂಡು

ಬೆಳಗಾವಿಯ ಕಾಲೇಜುಗಳಿಗೂ ಸವದತ್ತಿ ಸೀಮೆಯ ಹಳ್ಳಿಗಳಿಗೂ ಹಳೆಯ ಋಣವಿದೆ. ಈ ಸೀಮೆಗೆ ಸೇರಿದ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಅವರದೇ ಹೆಸರು. ಅಲ್ಲಿಗೆ ಹಳ್ಳಿಯ ಹುಡುಗರು ಬಂದರು, ಓದಿದರು. ಫುಟ್‌ಬಾಲ್ ಮಾತ್ರ ಅವರ ಜೊತೆ ಊರಿಗೆ ಮರಳಲಿಲ್ಲ. ಭಾರತದ ಉಳಿದೆಡೆಯಂತೆ ಇಲ್ಲಿಯೂ ಆ ಆಟದ ಆಸರೆ ಕ್ಯಾಂಪಿನ ದಂಡು ಮತ್ತು ಮಿಷನ್ ಶಾಲೆ: 1856ರ ಸೇಂಟ್ ಪಾಲ್ಸ್, 1922ರಿಂದ ಬೆಳಗಾವಿಯಲ್ಲಿ ನೆಲೆನಿಂತ ಮರಾಠಾ ಲಘು ಪದಾತಿ ದಳದ ಕೇಂದ್ರ. ನಮ್ಮ ಕಾಲೇಜು ತಂಡಗಳು ಆಟಗಾರರನ್ನು ಬೆಳೆಸಿಲ್ಲ, ಬೆಳೆದವರನ್ನು ಕೊಯ್ದುಕೊಂಡಿವೆ ಎಂಬುದೇ ನನ್ನ ವಾದ.

ಅಂತರ ಕಾಲೇಜು ಪಂದ್ಯ, ವಿಶ್ವವಿದ್ಯಾಲಯ ತಂಡ, ಬ್ಲೂ ಎಂಬ ಗೌರವ ಇವೆಲ್ಲ ಇಲ್ಲವೇ ಎಂದು ಕೇಳಬಹುದು. ಇವೆ. ಆದರೆ ಅವು ಗುರುತಿಸುವ ವ್ಯವಸ್ಥೆ, ಕಲಿಸುವ ವ್ಯವಸ್ಥೆಯಲ್ಲ. ಮೂರು ವರ್ಷದ ಪದವಿಯಲ್ಲಿ ತಂಡ ಕೂಡುವಷ್ಟರಲ್ಲಿ ಹುಡುಗ ಹೊರಟಿರುತ್ತಾನೆ. ಮೇಲಾಗಿ ಬೆಳಗಾವಿಯ ಹಳೆಯ ಕಾಲೇಜುಗಳು ಮೊದಲು ಮುಂಬಯಿ, ಆಮೇಲೆ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹೀಗೆ ಕೈ ಬದಲಿಸಿದವು. ಪ್ರತಿ ಸಲವೂ ಎದುರಾಳಿ ಬೇರೆ, ದಾಖಲೆ ಬೇರೆ. ಅಮೆರಿಕದಲ್ಲಿ 1869ರ ರಟ್ಗರ್ಸ್–ಪ್ರಿನ್ಸ್‌ಟನ್ ಪಂದ್ಯದಿಂದ ಇಂದಿನವರೆಗೂ ಕಾಲೇಜು ತಂಡವೇ ಊರಿನ ಅಭಿಮಾನ (ಅವರ ಇಂದಿನ ಫುಟ್‌ಬಾಲ್ ಕೈಯಲ್ಲಿ ಹಿಡಿದು ಓಡುವಂಥದ್ದು, ಆ ಮಾತು ಬಿಡಿ). ಅದನ್ನು ಹೊತ್ತಿರುವುದರಲ್ಲಿ ಹಳೆಯ ವಿದ್ಯಾರ್ಥಿಗಳ ಹಣದ ಪಾಲೂ ಇದೆ. ನಮ್ಮಲ್ಲಿ ಅಂಥ ಅಕ್ಕರೆ ಕಾಣುವುದು ಶಾಲೆಯಲ್ಲಿ: ಸೇಂಟ್ ಪಾಲ್ಸ್‌ನ ಹಳೆಯ ವಿದ್ಯಾರ್ಥಿಗಳು ಫಾದರ್ ಎಡ್ಡಿ ನೆನಪಿನ ಅಂತರ ಶಾಲಾ ಪಂದ್ಯಾವಳಿ ನಡೆಸುತ್ತಾರೆ. ಬೆಂಗಳೂರಿನದೂ ಬೇರೆ ಕತೆಯಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅಲ್ಲಿಯವರು. ಆದರೆ ಆ ನಗರದ ಆಟವನ್ನು ಉಳಿಸಿದ್ದು ಕಾಲೇಜುಗಳಲ್ಲ, ಬಡಾವಣೆಯ ಕ್ಲಬ್ಬುಗಳು, ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳು ಮತ್ತು ದಂಡಿನ ಎಂಇಜಿ ತಂಡ.

ಕುಸ್ತಿ, ಕಬಡ್ಡಿ, ಖೋ-ಖೋ ಇರುವ ನಾಡಿಗೆ ಈ ಆಟ ಯಾಕೆ ಎನ್ನುವವರೂ ಇದ್ದಾರೆ. ಅವರ ಮಾತೇ ನನ್ನ ವಾದಕ್ಕೆ ಸಾಕ್ಷಿ. ಕಬಡ್ಡಿ ಕಾಲೇಜಿನಲ್ಲಿ ನಿಂತಿರುವುದು ಹುಡುಗರು ಊರಿನಿಂದಲೇ ಅದನ್ನು ಕಲಿತು ಬರುವುದರಿಂದ. ಚೆಂಡಿಗೂ ಅದೇ ದಾರಿ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಾಲೇಜುಗಳಿಗೆ ತಂಡ ಬೇಕಿದ್ದರೆ ದಾನಿಗಳು ಟ್ರೋಫಿಗೆ ಕೊಡುವ ಹಣವನ್ನು ಹಳ್ಳಿಯ ಹೈಸ್ಕೂಲು ಮೈದಾನಕ್ಕೆ, ಎರಡು ಗೋಲು ಕಂಬಕ್ಕೆ, ಒಬ್ಬ ದೈಹಿಕ ಶಿಕ್ಷಕರಿಗೆ ಕೊಡಲಿ.