ಗುಂಬಳ್ಳಿ ದಾಟಿದ ಮೇಲೆ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟ ಬಸ್ಸು ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದರೆ ಸಾಕು, ಲಂಟಾನ ಕಣ್ಣಿಗೆ ಬೀಳುತ್ತದೆ. ಬಣ್ಣಬಣ್ಣದ ಹೂಗೊಂಚಲು ಕಂಡು ಹೊರಗಿನವರು ಖುಷಿಪಡುತ್ತಾರೆ. ಪೋಡುಗಳೆಂಬ ಕಾಡಿನ ಹಾಡಿಗಳಲ್ಲಿ ಬಾಳುವ ಸೋಲಿಗ ಆದಿವಾಸಿಗಳಿಗೆ ಅದೇ ಪೊದೆ ಸಂಕಟ. ಅದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ, ನೆಲ್ಲಿಯ ಸಸಿ ಮೇಲೆ ಬರುವುದಿಲ್ಲ, ಕಾಲುದಾರಿ ಮುಚ್ಚಿಹೋಗುತ್ತದೆ.

ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ನಮ್ಮ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಆಮೇಲೆ, ಬೇಸಿಗೆಯ ಮೊದಲಲ್ಲಿ ನೆಲದ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿ ನಿಂತದ್ದೇ ಲಂಟಾನ ಏರಲು ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಕಾಡನ್ನು ದಿನವೂ ಕಂಡವರ ಮಾತು ಅದು. ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ.

ಈ ಕಳೆಯಿಂದಲೇ ಪೀಠೋಪಕರಣ ಮಾಡುವ ಕೆಲಸ ಪಕ್ಕದ ಹನೂರು ಸೀಮೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಬೇರು ಬಿಟ್ಟಿದೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ 2004ರ ಸುಮಾರಿಗೆ ಅಲ್ಲಿನ ಕುಟುಂಬಗಳಿಗೆ ತರಬೇತಿ ಕೊಡಲು ತೊಡಗಿತು. ಬೆತ್ತದಲ್ಲಿ ಆಗುವ ಕುರ್ಚಿ, ಟೀಪಾಯಿ, ಬುಟ್ಟಿಗಳೆಲ್ಲ ಲಂಟಾನದಲ್ಲೂ ಆದವು.

ಕೆಲಸ ಕಷ್ಟದ್ದು. ದಪ್ಪ ಕಡ್ಡಿ ಚೌಕಟ್ಟಿಗೆ, ಸಣ್ಣದು ಹೆಣಿಗೆಗೆ ಎಂದು ಕಾಡಿನಲ್ಲೇ ಬೇರ್ಪಡಿಸಬೇಕು. ಹೊತ್ತು ತಂದ ಹಸಿ ಕಡ್ಡಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಮುಳ್ಳು ತೊಗಟೆಯನ್ನೆಲ್ಲ ಸುಲಿದು, ಮೆತ್ತಗಿರುವಾಗಲೇ ಬಾಗಿಸಬೇಕು. ತಡಮಾಡಿದರೆ ಕಡ್ಡಿ ಮುರಿಯುತ್ತದೆ. ಮೊಳೆ ಹೊಡೆಯುವುದು, ಹೆಣೆಯುವುದು, ಉಪ್ಪುಕಾಗದ ಉಜ್ಜಿ ವಾರ್ನಿಷ್ ಹಚ್ಚುವುದು ಆಮೇಲಿನ ಮಾತು. ಇಷ್ಟಾದ ಮೇಲೆ ಸಿಗುವ ಲಾಭವೆಂದರೆ, ಈ ಕಡ್ಡಿಗೆ ಗೆದ್ದಲಿನ ಕಾಟ ಕಡಿಮೆ.

ಕಚ್ಚಾಮಾಲು ಪುಕ್ಕಟೆ, ಹಾಗಾಗಿ ಸರಕೂ ಅಗ್ಗವಿರಬೇಕು ಎನ್ನುವವರಿದ್ದಾರೆ. ಬೆಲೆಯೆಲ್ಲ ಇರುವುದು ಕೂಲಿಯಲ್ಲಿ, ದಿನಗಳಲ್ಲಿ. ಪ್ಲಾಸ್ಟಿಕ್ ಕುರ್ಚಿಯ ಬೆಲೆಗೆ ಇಳಿಸಹೊರಟರೆ ಹೆಣೆದವರ ಹೊಟ್ಟೆಗೆ ಕತ್ತರಿ ಬೀಳುತ್ತದೆ. ಲಂಟಾನದ ಕುರ್ಚಿ ಪೈಪೋಟಿ ನಡೆಸಬೇಕಾದದ್ದು ಬೆತ್ತದೊಂದಿಗೆ. ಆದಿವಾಸಿಗಳಿಗೆ ನೆರವಾಗಲೆಂದು ಕೊಂಡವರು ಒಮ್ಮೆ ಕೊಳ್ಳುತ್ತಾರೆ. ನಾಲ್ಕು ಕಾಲೂ ನೆಲಕ್ಕೆ ಸಮ ಕೂತಿದೆ, ಬೆನ್ನಿಗೆ ಹಿತವಾಗಿದೆ ಎಂದು ಕೊಂಡವರು ಅಣ್ಣನ ಮನೆಗೂ ಇನ್ನೊಂದು ಹೇಳುತ್ತಾರೆ. ಮೊದಲ ಕುರ್ಚಿಯ ಅಳತೆಯೇ ಹತ್ತನೆಯದಕ್ಕೂ ಬರಬೇಕಾದರೆ ನಕ್ಷೆ ಬೇಕು, ಅಚ್ಚು ಬೇಕು, ಮಾಡಿದ್ದು ಸರಿಬಾರದಿದ್ದರೆ ಬಿಚ್ಚಿ ಮತ್ತೆ ಮಾಡುವ ಬಿಡುವು ಬೇಕು.

ಯಳಂದೂರಿಗೆ ಅಳತೆ ತಪ್ಪದ ಈ ತಾಳ್ಮೆ ಹೊಸ ಪಾಠವಲ್ಲ. ಹದಿನಾಡು ಅರಸರ ಗೌರೀಶ್ವರ ದೇಗುಲದ ಬಳೆ ಮಂಟಪದಲ್ಲಿ, ಎಲ್ಲೂ ಬೆಸುಗೆಯಿಲ್ಲದೆ ಒಂದೇ ಕಲ್ಲಿನಿಂದ ಬಿಡಿಸಿದ ಬಳೆಗಳ ಸರಪಳಿ ಇದೆ. ಒಂದು ಬಳೆ ಒಡೆದರೂ ಸರಪಳಿಯೇ ಹೋಗುತ್ತಿತ್ತು. ಅಷ್ಟು ತಾಳ್ಮೆಯ ಕೈಗಳು ಓಡಾಡಿದ ಊರಿದು.

ಕೈಗಳಿದ್ದರೆ ಸಾಲದು, ಕಡ್ಡಿ ತರಲು ಕಾಡಿನ ಮೇಲೆ ಹಕ್ಕೂ ಬೇಕು. 2011ರ ಜನವರಿಯಲ್ಲಿ ನಮ್ಮ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳೂ ಬಂದವು. ಕಾಡಿನ ಪಾಲನೆಯಲ್ಲಿ ಅವರ ಮಾತಿಗೆ ಕಾನೂನಿನ ಬಲವಿದೆ. ಲಂಟಾನ ಕಡಿಯುವ ಕೆಲಸ ಆ ಸಭೆಗಳ ತೀರ್ಮಾನದಿಂದಲೇ ಶುರುವಾಗಬೇಕು ಎಂಬುದು ನನ್ನ ಅನಿಸಿಕೆ. ಬುಡ ಕೀಳದೆ ಕಡ್ಡಿಯಷ್ಟೇ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ. ಅಂಗಡಿ ನಡೆದೀತು, ಕಾಡು ಉಸಿರಾಡದು.

ನೀಲಗಿರಿಯ ಆದಿವಾಸಿಗಳು ಹೆಣೆದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಾಗ ಜಗತ್ತೇ ನೋಡಿತು. ಆ ಹೆಮ್ಮೆ ದೊಡ್ಡದು. ಆದರೂ ಆನೆ ಎಷ್ಟು ಮನೆಯೊಳಗೆ ಹೋದೀತು? ವರ್ಷವಿಡೀ ಒಲೆ ಉರಿಸುವುದು ಕುರ್ಚಿ, ಬುಟ್ಟಿ, ಮಕ್ಕಳ ಪುಸ್ತಕದ ಕಪಾಟು.

ಯಳಂದೂರಿನಲ್ಲಿ ಈ ಕುರ್ಚಿ-ಬುಟ್ಟಿಯ ಕೆಲಸ ಶುರು ಮಾಡಲು ದೊಡ್ಡ ಕಾರ್ಖಾನೆ ಬೇಡ. ಒಂದು ಚಪ್ಪರ, ಕಡ್ಡಿ ಮುಳುಗುವಷ್ಟು ಉದ್ದದ ಕುದಿಸುವ ತೊಟ್ಟಿ, ನಾಲ್ಕೈದು ಅಚ್ಚು. ಇವೆಲ್ಲಕ್ಕಿಂತ ಮುಂಚೆ ಕೈಯಲ್ಲಿ ಆರು ತಿಂಗಳ ಕೂಲಿ ಇರಬೇಕು. ಮೊದಲ ಕುರ್ಚಿ ಮಾರಾಟವಾಗುವ ತನಕ ಹೆಣೆಯುವವರು ಕಾಫಿ ತೋಟದ ಕೂಲಿಗೆ ಮರಳದಿರಲು ಬೇಕಾದ ಹಣ ಅದು.